ಫೋನ್ ಅಥವಾ ಇಮೇಲ್, ಒಂದಾದರೂ ಬೇಕು: ಯಾವ ತಪಾಸಣೆ ಸರಿ?

ವೆಬ್ ಫಾರ್ಮಿನಲ್ಲಿ ಫೋನ್, ಇಮೇಲ್ ಎರಡೂ ಫೀಲ್ಡಿಗೆ ‘ರಿಕ್ವೈರ್ಡ್’ (ತುಂಬಲೇಬೇಕು ಎನ್ನುವ ಗುರುತು) ಹಾಕಿದರೆ ಬ್ರೌಸರ್ ಎರಡನ್ನೂ ಕೇಳುತ್ತದೆ. ‘ಇದು ಇಲ್ಲವೇ ಅದು’ ಎನ್ನುವ ಸೌಲಭ್ಯ ಟೆಕ್ಸ್ಟ್ ಫೀಲ್ಡಿಗೆ ಎಚ್‌ಟಿಎಂಎಲ್‌ನಲ್ಲಿಲ್ಲ. ಹಾಗಾಗಿ ದಾರಿ ಎರಡು.

ಮೊದಲನೆಯದು, ರಿಕ್ವೈರ್ಡನ್ನೇ ಜಾವಾಸ್ಕ್ರಿಪ್ಟಿನಿಂದ ಬದಲಿಸುವುದು: ಇಮೇಲ್ ತುಂಬಿದರೆ ಫೋನಿನದು ತೆಗೆಯುವುದು, ಅಳಿಸಿದರೆ ಮತ್ತೆ ಹಾಕುವುದು. ಕೋಡ್ ಮೂರ್ನಾಲ್ಕು ಸಾಲು. ಆದರೆ ‘ಈ ಫೀಲ್ಡ್ ತುಂಬಿ’ ಎಂಬ ಬ್ರೌಸರಿನ ಸಂದೇಶದಿಂದ ಇನ್ನೊಂದು ಆಯ್ಕೆ ಇದೆಯೆಂದು ಯಾರಿಗೂ ತಿಳಿಯದು. ಫೋನ್ ಫೀಲ್ಡಿನಲ್ಲಿ ಬರೀ ಸ್ಪೇಸ್ ಒತ್ತಿದರೂ ಪಾಸ್!

ಎರಡನೆಯದು ಸೆಟ್‌ಕಸ್ಟಮ್‌ವ್ಯಾಲಿಡಿಟಿ, ಅಂದರೆ ಫೀಲ್ಡಿಗೆ ನಮ್ಮದೇ ದೋಷ ಸಂದೇಶ ಹಾಕುವ ಜಾವಾಸ್ಕ್ರಿಪ್ಟ್ ಫಂಕ್ಷನ್. ಎರಡೂ ಮೌಲ್ಯ ಟ್ರಿಮ್ ಮಾಡಿ (ಆಚೀಚೆಯ ಸ್ಪೇಸ್ ತೆಗೆದು), ಎರಡೂ ಖಾಲಿಯಿದ್ದರೆ ‘ಫೋನ್ ಅಥವಾ ಇಮೇಲ್ ಕೊಡಿ’ ಎಂದು ನಿಮ್ಮ ಮಾತಿನಲ್ಲೇ ಹೇಳಬಹುದು. ನನ್ನ ಓಟು ಇದಕ್ಕೇ. ಎಡವುವುದು ಎಲ್ಲಿ ಅಂದರೆ, ತುಂಬಿದ ಮೇಲೆ ಅದೇ ಫಂಕ್ಷನ್ನಿಗೆ ಖಾಲಿ ಸ್ಟ್ರಿಂಗ್ (ಅಕ್ಷರವಿಲ್ಲದ ಪಠ್ಯ) ಕೊಟ್ಟು ಸಂದೇಶ ಅಳಿಸದಿದ್ದರೆ ಫಾರ್ಮ್ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಈ ತಪಾಸಣೆಯನ್ನು ಸಬ್ಮಿಟ್ ಈವೆಂಟಿಗೆ (ಫಾರ್ಮ್ ಕಳಿಸುವಾಗ ಬ್ರೌಸರ್ ಕೊಡುವ ಸೂಚನೆ) ಕಟ್ಟಬೇಡಿ. ದೋಷ ಉಳಿದಿದ್ದರೆ ಆ ಈವೆಂಟ್ ಬರುವುದೇ ಇಲ್ಲ. ಎರಡೂ ಫೀಲ್ಡಿನ ಇನ್‌ಪುಟ್ ಈವೆಂಟಿಗೆ (ಟೈಪ್ ಮಾಡಿದಾಗೆಲ್ಲ ಬರುವ ಸೂಚನೆ) ಕಟ್ಟಿ, ಪುಟ ತೆರೆದಾಗಲೂ ಒಮ್ಮೆ ಓಡಿಸಿ.

ಯಾವುದನ್ನು ಆರಿಸಿದರೂ ಸರ್ವರಿನಲ್ಲಿ ಅದೇ ತಪಾಸಣೆ ಮತ್ತೆ ಬೇಕು. ಉದಾಹರಣೆಗೆ, ಕೋಡಿನಿಂದ ಫಾರ್ಮಿನ ಸಬ್ಮಿಟ್ ಫಂಕ್ಷನ್ ಕರೆದರೆ ಬ್ರೌಸರ್ ಏನನ್ನೂ ನೋಡದೆ ಕಳಿಸಿಬಿಡುತ್ತದೆ. ಅದರ ಬದಲು ರಿಕ್ವೆಸ್ಟ್‌ಸಬ್ಮಿಟ್ ಎಂಬ ಫಂಕ್ಷನ್ ಕರೆದರೆ ನೋಡಿಯೇ ಕಳಿಸುತ್ತದೆ.