ಮಾಟುಂಗಾದ ಉಡುಪಿ ಹೋಟೆಲು: ತಿಂಡಿ ಸೊಗಸು, ತಿಂಡಿಪಟ್ಟಿಗೆ ತಿದ್ದುಪಡಿ ಬೇಕು

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ನಾನು ಹಲವು ವರ್ಷಗಳಿಂದ ಭಾನುವಾರದ ತಿಂಡಿಗೆ ಹೋಗುವ ಉಡುಪಿ ಹೋಟೆಲಿನಲ್ಲಿ ಹೊಸ ತಿಂಡಿಪಟ್ಟಿ ಬಂದಿದೆ. ಪ್ರತಿಯೊಂದು ತಿಂಡಿಗೆ ಆ ಹೆಸರು ಹೇಗೆ ಬಂತು ಎಂಬುದನ್ನು ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಹಾಕಿಸಿದ್ದಾರೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಟ್ಟೆ ಬರುವ ತನಕ ಅದನ್ನೇ ಓದುತ್ತಾ ಕೂರುವುದರಿಂದ, ಅಲ್ಲಿ ಬರೆದದ್ದು ಸರಿಯಾಗಿರಬೇಕು ಎಂದು ನನಗೆ ಅನಿಸುತ್ತದೆ.

ರುಚಿಯ ಬಗ್ಗೆ ದೂರಿಲ್ಲ. ಕೊಟ್ಟೆ ಕಡುಬಿಗಾಗಿಯೇ ಅಲ್ಲಿಗೆ ಹೋಗಬಹುದು. ಹಲಸಿನ ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕಟ್ಟಿದ ಕೊಟ್ಟೆ ಹಬೆಯಾಡುತ್ತಲೇ ಮೇಜಿಗೆ ಬರುತ್ತದೆ. ಎಲೆ ಬಿಡಿಸಿದರೆ ಅದರ ನರಗಳ ಗೆರೆ ಕಡುಬಿನ ಮೈಮೇಲೆ ಅಚ್ಚೊತ್ತಿರುತ್ತದೆ. ಆದರೆ ಪಟ್ಟಿಯಲ್ಲಿ ಇದರ ಹೆಸರು ‘ಜಾಕ್‌ಫ್ರೂಟ್ ಇಡ್ಲಿ’. ಪಕ್ಕದ ಮೇಜಿನವರು ಅದರೊಳಗೆ ಹಲಸಿನ ತೊಳೆ ಹುಡುಕುತ್ತಿದ್ದರು. ಎಲೆಯ ದೊನ್ನೆಗೆ ಕರಾವಳಿಯಲ್ಲಿ ಕೊಟ್ಟೆ ಎನ್ನುತ್ತಾರೆ ಎಂದು ಒಂದೇ ಸಾಲು ಬರೆದಿದ್ದರೆ ಸಾಕಿತ್ತು.

ಸಾಂಬಾರಿನ ಕೆಳಗೆ ತಂಜಾವೂರಿನ ಕಥೆಯನ್ನು ಇತಿಹಾಸವೆಂದೇ ಕೊಟ್ಟಿದ್ದಾರೆ. ಅಲ್ಲಿನ ಮರಾಠ ಅರಸ ಶಹಾಜಿಯ ಅಡುಗೆಮನೆಯಲ್ಲಿ ಆಮ್ಟಿಗೆ, ಅಂದರೆ ಮರಾಠಿಗರ ಬೇಳೆಹುಳಿಗೆ, ಹಾಕುವ ಕೋಕಂ (ಪುನರ್ಪುಳಿ) ಮುಗಿದುಹೋಗಿ ಹುಣಸೆಹುಳಿ ಹಾಕಿದರಂತೆ, ಅತಿಥಿಯಾಗಿ ಬಂದಿದ್ದ, ಶಿವಾಜಿಯ ಮಗ ಸಂಭಾಜಿ ಮಹಾರಾಜರ ಹೆಸರನ್ನೇ ಅದಕ್ಕೆ ಇಟ್ಟರಂತೆ. ಶಹಾಜಿ ಪಟ್ಟಕ್ಕೆ ಬಂದದ್ದು 1684ರಲ್ಲಿ, ಸಂಭಾಜಿ ಮಹಾರಾಜರ ಹತ್ಯೆಯಾದದ್ದು 1689ರಲ್ಲಿ. ನಡುವಿನ ಆ ಕೆಲವೇ ವರ್ಷಗಳಲ್ಲಿ ಅವರು ಮೊಗಲರೊಡನೆ ಯುದ್ಧದಲ್ಲಿ ಮುಳುಗಿದ್ದರು. ಕಥೆಯನ್ನು ಕಥೆಯೆಂದೇ ಹೇಳಿದ್ದರೆ ನನ್ನ ತಕರಾರಿರಲಿಲ್ಲ, ಅದನ್ನು ಅಕ್ಕರೆಯಿಂದ ಹೇಳುವ ಮರಾಠಿ ಗೆಳೆಯರು ನನಗೂ ಇದ್ದಾರೆ. ಆದರೆ ಸಂಸ್ಕೃತದ ‘ಸಂಭಾರ’ ಎಂದರೆ ಕೂಡಿಸಿಟ್ಟ ಸಾಮಗ್ರಿ. ಮೆಣಸು, ಜೀರಿಗೆ, ಕೊತ್ತಂಬರಿಗಳನ್ನು ನಾವು ಇಂದಿಗೂ ಸಾಂಬಾರ ಪದಾರ್ಥ ಎನ್ನುತ್ತೇವೆ, ಅವನ್ನು ಹಾಕಿಡುವುದು ಸಾಂಬಾರ ಡಬ್ಬಿ. ಮಸಾಲೆಯ ಹೆಸರೇ ಅದನ್ನು ಹಾಕಿ ಕುದಿಸಿದ ಹುಳಿಗೆ ಅಂಟಿಕೊಂಡಿತು ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅದಿರಲಿ, ಉಡುಪಿಯ ಮನೆಗಳಲ್ಲಿ ಇದು ಕೊದ್ದೆಲ್. ಉಡುಪಿ ಹೋಟೆಲಿನ ಪಟ್ಟಿಯಲ್ಲೇ ಆ ಮಾತು ಇಲ್ಲದಿರುವುದು ಬೇಸರದ ಸಂಗತಿ.

‘ಇಡ್ಲಿ ಇಂಡೋನೇಷ್ಯಾದಿಂದ ಬಂದದ್ದು’ ಎಂಬ ಸಾಲೂ ಅಷ್ಟೇ ಖಚಿತವಾದ ದನಿಯಲ್ಲಿದೆ. ಅದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರ ಊಹೆ. ಹಬೆಯಲ್ಲಿ ಬೇಯಿಸುವ ಮತ್ತು ಹುದುಗು ಬರಿಸುವ ಕ್ರಮ ಅಲ್ಲಿಂದ ಬಂದಿರಬಹುದು ಎಂದು ಅವರು ತರ್ಕಿಸಿದರು, ಬೇರೆ ವಿದ್ವಾಂಸರು ಅದನ್ನು ಒಪ್ಪಿಲ್ಲ. ಹೆಸರಂತೂ ಇಲ್ಲಿಯದೇ: ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಇದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಎರಡನೆಯ ಚಾವುಂಡರಾಯ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಮೆಣಸು, ಇಂಗು ಬೆರೆಸುವ ವಿಧಾನ ಹೇಳುತ್ತಾನೆ. ಅದರಲ್ಲಿ ಅಕ್ಕಿಯಿಲ್ಲ. ಹೆಸರು ಹಾಗೆಯೇ ಉಳಿದು ತಿಂಡಿ ಬದಲಾಯಿತು ಎಂಬ ಈ ಸಂಗತಿ ಮಕ್ಕಳಿಗೆ ತಿಳಿಯಬೇಕಾದದ್ದು.

ಬಟಾಟೆ ವಡೆಯ ಬಟಾಟೆ ಪೋರ್ಚುಗೀಸರ ಮಾತು ಎಂದು ಬರೆದದ್ದು ಸರಿ. ಪಾವ್ ಕೂಡ ಅವರ ‘ಪಾಂವ್’ ಎಂಬ ಶಬ್ದದಿಂದಲೇ ಬಂದದ್ದು, ಪಟ್ಟಿ ಹೇಳುವಂತೆ ಕಾಲು ಭಾಗದ ಅಳತೆಯಿಂದಲ್ಲ.

ಇದನ್ನೆಲ್ಲ ಗಲ್ಲಾದಲ್ಲಿದ್ದ ಯಜಮಾನರಿಗೆ ಹೇಳಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡು, “ಕೊಟ್ಟೆ ಕಡುಬು ಅಂತಲೇ ಹಾಕಿಸ್ತೇನೆ ಮಾರಾಯ್ರೆ, ಉಳಿದದ್ದನ್ನು ನೀವು ಒಂದು ಕಾಗದದಲ್ಲಿ ಬರೆದು ಕೊಡಿ” ಎಂದರು. ಬರುವ ಭಾನುವಾರ ಕೊಡುತ್ತೇನೆ.