ಸ್ಕ್ರಿಪ್ಟ್ ಮಾರಿಸಿಕೊಡ್ತೀವಿ ಅಂತ ಬರೋರಿಗೆ ದುಡ್ಡು ಕೊಡಬೇಡಿ, ನಾನು ಕೊಟ್ಟು ಕೂತಿದೀನಿ

ಇದನ್ನ ಬರೀಬೇಕೋ ಬೇಡವೋ ಅಂತ ಹದಿನೈದು ದಿನ ಒದ್ದಾಡಿದೀನಿ. ಮನೇಲಿ ಇನ್ನೂ ಪೂರ್ತಿ ಹೇಳಿಲ್ಲ. ಆದ್ರೆ ನಾನು ನಂಬಿ ದುಡ್ಡು ಕಟ್ಟಿದ ವರ್ಕ್‌ಶಾಪಿನ ಅದೇ ಆ್ಯಡ್ ನಿನ್ನೆ ಮತ್ತೆ ಬಂತು, ಈ ಸಲ ಚಿತ್ರದುರ್ಗದಲ್ಲಂತೆ. ಅದೇ ಫೋಟೋ, ಅದೇ "ಕೊನೇ 6 ಸೀಟು ಮಾತ್ರ". ನೋಡಿ ಮೈ ಉರಿದೋಯ್ತು. ದುರ್ಗದೋರು ಯಾರಾದ್ರೂ ಕಥೆ ಬರ್ಕಂಡು ಕೂತಿದ್ರೆ ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆ ಮಂಡಿಪೇಟೇಲಿ ಬಟ್ಟೆ ಅಂಗಡೀಲಿ ಕೆಲಸ ಮಾಡೋನು. ಅಪ್ಪ ಹತ್ತಿ ಮಿಲ್ಲಲ್ಲಿದ್ರು. ಮಿಲ್ಲು ಮುಚ್ಚಿದ ಮೇಲೆ ಅವ್ರು ಹೆಂಗೆ ಬದುಕಿದ್ರು ಅನ್ನೋದನ್ನೇ ಇಟ್ಕಂಡು ಮೂರು ವರ್ಷ ರಾತ್ರಿ ಕೂತು ಸ್ಕ್ರಿಪ್ಟ್ ಬರೆದೆ, 112 ಪುಟ. ಬರೆದಾಯ್ತು, ಆಮೇಲೆ ಯಾರಿಗೆ ತೋರಿಸ್ಬೇಕು, ಹೆಂಗೆ ಕೇಳ್ಬೇಕು ಏನೂ ಗೊತ್ತಿಲ್ಲ. ಅಂಥ ಟೈಮಲ್ಲಿ ಈ ಆ್ಯಡ್ ಕಣ್ಣಿಗೆ ಬಿತ್ತು: "ಕಥೆ ಬರೆದಿದ್ದೀರಾ? ಮಾರೋದು ಕಲಿಯಿರಿ", ಪಿ.ಬಿ. ರೋಡ್ ಹತ್ರ ಒಂದು ಹೋಟೆಲ್ ಹಾಲಲ್ಲಿ ಎರಡು ದಿನ, 499 ರೂಪಾಯಿ.

ಸುಳ್ಳು ಹೇಳಲ್ಲ, ಮೊದಲನೇ ದಿನ ಚೆನ್ನಾಗೇ ಇತ್ತು. ಒನ್‌ಲೈನ್ (ಒಂದೆರಡು ಸಾಲಲ್ಲಿ ಕಥೆ) ಅಂದ್ರೇನು, ಸಿನಾಪ್ಸಿಸ್ ಹೆಂಗಿರ್ಬೇಕು, ನರೇಶನ್ ಕೊಡುವಾಗ ಎಲ್ಲಿಂದ ಶುರು ಮಾಡ್ಬೇಕು, ಎಲ್ಲ ಹೇಳಿಕೊಟ್ರು. ಅದ್ರಿಂದಲೇ ನಂಬಿದ್ದು ನಾನು. ಎರಡನೇ ದಿನ ಊಟ ಆದ್ಮೇಲೆ ಒಬ್ಬೊಬ್ರನ್ನೇ ಪಕ್ಕದ ರೂಮಿಗೆ ಕರೆದ್ರು. ಅಲ್ಲಿ ಕೂತಿದ್ದ ಅವ್ರ ಕಡೆಯೋನೊಬ್ಬ "ಅಣ್ಣ, ನಿಮ್ಮ ಕಥೆ ಕೇಳಿ ನನಗೆ ನಮ್ಮಪ್ಪ ನೆನಪಾದ್ರು, ಇದನ್ನ ಇಲ್ಲೇ ಕೊಳೆಯಕ್ಕೆ ಬಿಡಬೇಡಿ" ಅಂದ. ಕಣ್ಣಲ್ಲಿ ನೀರಿತ್ತು ಅವನಿಗೆ. 42,000 ಅಂದ. ಅದ್ರಲ್ಲಿ ಟೈಟಲ್ ರಿಜಿಸ್ಟ್ರೇಷನ್, ಕಾಪಿರೈಟ್, ಗಾಂಧಿನಗರದಲ್ಲಿ ಮೂರು ನಿರ್ಮಾಪಕರ ಮೀಟಿಂಗ್ ಎಲ್ಲಾ ಸೇರಿ. ಮಗಳ ಸ್ಕೂಲ್ ಫೀಸಿಗೆ ಅಂತ ಎತ್ತಿದ್ದ ಚೀಟಿ ದುಡ್ಡು ಕೊಟ್ಟುಬಿಟ್ಟೆ. ಒಂದು ಪೇಪರಿಗೆ ಸೈನ್ ಹಾಕಿಸ್ಕಂಡ್ರು. ಓದಲಿಲ್ಲ. ಹಿಂದೆ ಇನ್ನೂ ಜನ ನಿಂತಿದ್ರು, ಕೂತ್ಕಂಡು ಓದಕ್ಕೆ ನಾಚಿಕೆ ಆಯ್ತು.

ಸ್ಕ್ರಿಪ್ಟಿಗೆ ಸ್ಪೈರಲ್ ಹಾಕ್ಸಿ, ಅಂಗಡಿ ಖಾಕಿ ಪೇಪರಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟಿದ್ದೆ. ಸೀರೆ ಪಾರ್ಸೆಲ್ಲಿಗೆ ನಾವು ಹಾಕೋ ಗಂಟು ಒಂದಿದೆ, ಎರಡು ಸುತ್ತು ಸುತ್ತಿ ತುದೀನ ಒಳಗೆ ತೂರಿಸಿ ಎಳೆಯೋದು. ದಿನಕ್ಕೆ ಐವತ್ತು ಅರವತ್ತು ಕಟ್ತೀನಿ, ನನ್ ಕೈಯ ಗಂಟು ನನಗೆ ಗೊತ್ತಾಗುತ್ತೆ.

ನಲವತ್ತು ದಿನ ಆದ್ಮೇಲೆ ಮೀಟಿಂಗ್ ಅಂತ ಕರೆದ್ರು. ಅಂಗಡಿಗೆ ರಜೆ ಹಾಕಿ ಬೆಳಗಿನ ಜಾವದ ಟ್ರೈನಿಗೆ ಬೆಂಗಳೂರಿಗೆ ಹೋದೆ. ಗಾಂಧಿನಗರದಲ್ಲಿ ಎರಡನೇ ಮಹಡೀಲಿ ಒಂದು ರೂಮು, ಹೊರಗೆ ಐದು ಜನ ಕಾಯ್ತಿದ್ರು, ಅದ್ರಲ್ಲೊಬ್ಬ ಹರಿಹರದ ಹುಡುಗ. ಒಳಗೆ ಕೂತಿದ್ದ "ನಿರ್ಮಾಪಕರು" ಕೈ ಕುಲುಕಿದ್ರು. "ಇಂಟರ್ವಲ್ ಸೂಪರ್ ರೀ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್, ಹೀರೋಯಿನ್ ಟ್ರ್ಯಾಕ್ ಟೈಟ್ ಮಾಡಿ" ಅಂದ್ರು. ನನ್ ಕಥೇಲಿ ಹೀರೋಯಿನ್ನೇ ಇಲ್ಲ, ಅಪ್ಪ ಮಗನ ಕಥೆ ಅದು. ಏನೋ ತಪ್ಪು ಕೇಳಿಸ್ಕಂಡೆ ಅನ್ಕಂಡು ಟೇಬಲ್ ಕಡೆ ನೋಡಿದೆ. ಅವ್ರ ಮೊಣಕೈ ಹತ್ರ ನನ್ನ ಪಾರ್ಸೆಲ್. ಖಾಕಿ ಪೇಪರ್ ಹಂಗೇ ಇದೆ. ದಾರ ಹಂಗೇ ಇದೆ. ನನ್ ಗಂಟು ಹಂಗೇ ಇದೆ. ಬಿಚ್ಚೇ ಇಲ್ಲ. ಅವ್ರಿನ್ನೂ ಸೆಕೆಂಡ್ ಹಾಫ್ ಬಗ್ಗೆ ಮಾತಾಡ್ತಾನೇ ಇದಾರೆ, ನನಗೆ ಕಿವೀಲಿ ಏನೂ ಕೇಳಿಸ್ತಿಲ್ಲ.

"ಸರ್, ಇದನ್ನ ಬಿಚ್ಚೇ ಇಲ್ವಲ್ಲ" ಅಂದೆ. "ನಾವು ಸಾಫ್ಟ್ ಕಾಪಿ ಓದೋದು" ಅಂದ್ರು. ಸಾಫ್ಟ್ ಕಾಪಿ ನಾನು ಯಾರಿಗೂ ಕೊಟ್ಟೇ ಇಲ್ಲ, ಪೆನ್‌ಡ್ರೈವ್ ನನ್ ಜೇಬಲ್ಲೇ ಇತ್ತು. ಅದನ್ನೂ ಹೇಳಿದೆ. "ನೋಡಿ, ಸ್ಕ್ರಿಪ್ಟ್ ಪಾಲಿಶ್ ಮಾಡಕ್ಕೆ ನಮ್ ರೈಟರ್ ಇದಾರೆ, 25 ಸಾವಿರ ಕೊಟ್ರೆ ಆಮೇಲೆ ಅಡ್ವಾನ್ಸ್ ಬಗ್ಗೆ ಮಾತಾಡೋಣ" ಅಂದ್ರು. ಪಾರ್ಸೆಲ್ ಎತ್ಕಂಡು ಎದ್ದು ಬಂದೆ. ಕೆಳಗೆ ಬಂದ್ಮೇಲೆ ಹರಿಹರದ ಹುಡುಗ ಹೇಳ್ತಾನೆ, ಅವನಿಗೂ ಇಂಟರ್ವಲ್ ಸೂಪರ್ ಅಂತೆ, ಸೆಕೆಂಡ್ ಹಾಫ್ ಲ್ಯಾಗ್ ಅಂತೆ. ಅವನದು ದೆವ್ವದ ಕಥೆ!

ದುಡ್ಡು ವಾಪಸ್ ಕೇಳಿದ್ದಕ್ಕೆ ವಾಟ್ಸಾಪಲ್ಲಿ ಬಂದ ಉತ್ತರ ನೋಡಿ. ಮೊದಲು "ಅಣ್ಣ ಪೇಷನ್ಸ್ ಇರ್ಲಿ". ಎರಡು ದಿನ ಬಿಟ್ಟು "ಮೀಟಿಂಗ್ ಮಾಡಿಸ್ತೀವಿ ಅಂದಿದ್ವಿ ಮಾಡ್ಸಿದೀವಿ, ಮಾರಿಸ್ತೀವಿ ಅಂತ ಎಲ್ಲಿ ಬರೆದಿದೆ ತೋರ್ಸಿ". ಆಮೇಲೆ "ನಿಮ್ಮಂಥೋರು ಸಿನಿಮಾಗೆ ಆಗಲ್ಲ". ಅಣ್ಣ ಅಂತಿದ್ದೋನು, ನಮ್ಮಪ್ಪನ ಕಥೆ ಕೇಳಿ ಕಣ್ಣೀರು ಹಾಕಿದೋನು ಹೇಳಿದ ಮಾತು ಇದು. ಗ್ರೂಪಿಂದ ತೆಗೆದು ಬ್ಲಾಕ್ ಮಾಡಿದ.

ಇಲ್ಲಿ ಕೋರ್ಟಲ್ಲಿ ಪರಿಚಯದ ವಕೀಲರಿಗೆ ಆ ಪೇಪರ್ ತೋರ್ಸಿದೆ. ಕಥೆಯ ಹಕ್ಕನ್ನೇ ಅವರಿಗೆ ಬರೆದುಕೊಟ್ಟಿದೀನಂತೆ! 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಎಷ್ಟು ಕಾಲಕ್ಕೆ ಅಂತ ಪತ್ರದಲ್ಲಿ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕವಂತೆ. ಒಂದು ವರ್ಷದೊಳಗೆ ಅವ್ರು ಆ ಹಕ್ಕು ಬಳಸದಿದ್ರೆ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಅದು ತಾನಾಗೇ ಬಿದ್ದೋಗುತ್ತಂತೆ, ಅದೊಂದೇ ಸಮಾಧಾನ. ನಮ್ಮಪ್ಪನ ಕಥೆಗೆ ನಾನು ವರ್ಷ ಕಾಯ್ಬೇಕು ಈಗ.

ಆ 42,000ದಲ್ಲಿ ಕಾಪಿರೈಟಿಗೆ ಅಂತ ಅವ್ರು ಹಿಡ್ಕಂಡಿದ್ದು 7,000. ಸಾಹಿತ್ಯ ಕೃತಿ ಅಂತ ಕಾಪಿರೈಟ್ ಆಫೀಸಿನ ವೆಬ್‌ಸೈಟಲ್ಲಿ ನಾವೇ ಹಾಕಿದ್ರೆ ಸರ್ಕಾರಿ ಫೀಸು 500 ರೂಪಾಯಿ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಅಂತ 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದಕ್ಕೇ ಒನ್‌ಲೈನ್ ಅಲ್ಲ, ಪೂರ್ತಿ ಬರೆದ ಸ್ಕ್ರಿಪ್ಟ್ ಹಾಕಿ. ಟೈಟಲ್ ಅಂತೂ ಫಿಲ್ಮ್ ಚೇಂಬರಲ್ಲಿ ನಿರ್ಮಾಪಕರು ಅವರ ಬ್ಯಾನರ್ ಹೆಸರಲ್ಲಿ ಮಾಡಿಸೋದು, ಅದಕ್ಕೆ ನಮ್ಮ ಹತ್ರ ಯಾಕ್ರಿ ದುಡ್ಡು? ಕಥೆ ಇಷ್ಟ ಆದ್ರೆ ನಿರ್ಮಾಪಕರು ನಮಗೆ ಅಡ್ವಾನ್ಸ್ ಕೊಡೋದು, ನಾವು ಅವರಿಗೆ ಕೊಡೋದಲ್ಲ. ಇಷ್ಟು ಸುಲಭದ್ದು ನನಗೆ ಹೊಳೀಲಿಲ್ಲ, ಅಪ್ಪನ ಹೆಸರು ತೆರೆ ಮೇಲೆ ನೋಡೋ ಆಸೇಲಿ ಹೊಳೀಲಿಲ್ಲ.

ನಾನೂ ಹರಿಹರದ ಹುಡುಗನೂ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ರೆಡಿ ಮಾಡ್ತಿದೀವಿ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ. ಆ ಹಾಲಲ್ಲಿ ನಮ್ ಜೊತೆ ಕೂತಿದ್ದೋರು ನಾಚಿಕೆ ಬಿಟ್ಟು ಮೆಸೇಜ್ ಮಾಡಿ, ಚಾಟ್ ಅಳಿಸ್ಬೇಡಿ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಇಟ್ಕಳಿ. ಪಾರ್ಸೆಲ್ ಬೀರು ಮೇಲಿದೆ, ವಕೀಲರು ಗಂಟು ಬಿಚ್ಚಬೇಡ, ಹಂಗೇ ತಗಂಡು ಬಾ ಅಂದಿದಾರೆ.