ಧ್ಯಾನ ಕಲಿಯೋಕೆ ಆ್ಯಪ್ ಬೇಕಾ, ಶಿಬಿರ ಬೇಕಾ, ಮನೆಯ ಜಮಖಾನ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಮಖಾನಕ್ಕೆ. ಅದನ್ನು ನಾಲ್ಕು ಮಡಿಕೆ ಮಾಡಿ ಕೂತು, ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಉಸಿರು ಎಣಿಸುವುದು. ಅಷ್ಟೇ. ಇದಕ್ಕೆ ಬಂದು ತಲುಪುವ ಮುಂಚೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ, ಹತ್ತು ದಿನದ ವಿಪಶ್ಯನಾ ಶಿಬಿರಕ್ಕೂ ಹೋಗಿ ಬಂದಿದ್ದೆ.

ಆ್ಯಪ್‌ನಿಂದ ಉಪಯೋಗವೇ ಇಲ್ಲ ಅಂತಲ್ಲ. ಏನೂ ಗೊತ್ತಿಲ್ಲದವರಿಗೆ ‘ಭುಜ ಸಡಿಲ ಬಿಡಿ, ಈಗ ಉಸಿರು ಗಮನಿಸಿ’ ಅಂತ ಕಿವಿಯಲ್ಲಿ ಯಾರೋ ಹೇಳುತ್ತಿದ್ದರೆ ಧೈರ್ಯ ಬರುತ್ತದೆ. ನಾನು ತಗೊಂಡಿದ್ದರಲ್ಲಿ ಕನ್ನಡ ಇರಲಿಲ್ಲ. ಅದೂ ಹೋಗಲಿ. ತಲೆ ಕೆಡಿಸಿದ್ದು ಅದರ ಲೆಕ್ಕ. ಬಿಡದೆ ಎಷ್ಟು ದಿನ ಕೂತಿದ್ದೀರಿ ಅಂತ ಪರದೆ ಮೇಲೆ ಒಂದು ಅಂಕಿ ಇರುತ್ತದೆ. ದಿನಾ ಒಂದೊಂದೇ ಏರುತ್ತದೆ, ಒಂದು ದಿನ ತಪ್ಪಿದರೆ ನೇರ ಸೊನ್ನೆಗೆ ಬರುತ್ತದೆ.

ಅಣ್ಣನ ಮಗಳ ಮದುವೆಯ ಹಿಂದಿನ ರಾತ್ರಿ. ಛತ್ರದ ರೂಮಿನಲ್ಲಿ ಚಾಪೆ ಹಾಸಿಕೊಂಡು ನಮ್ಮ ಕಡೆಯವರೆಲ್ಲ ಮಲಗಿದ್ದಾರೆ, ಚಿಕ್ಕಪ್ಪನ ಗೊರಕೆ ಶುರುವಾಗಿದೆ. ನಾನು ಹನ್ನೊಂದು ಮುಕ್ಕಾಲಿಗೆ ಗೋಡೆಗೆ ಒರಗಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಹನ್ನೆರಡು ಹೊಡೆಯುವುದರೊಳಗೆ ಧ್ಯಾನ ಮುಗಿಸಲು ಒದ್ದಾಡುತ್ತಿದ್ದೇನೆ. ನೆಮ್ಮದಿಗಲ್ಲ, ಆ ಅಂಕಿ ಬೀಳಬಾರದು ಅಂತ. ಮಾರನೇ ದಿನ ಧಾರೆ, ಊಟ, ಹೆಣ್ಣು ಒಪ್ಪಿಸುವ ಗಡಿಬಿಡಿಯಲ್ಲಿ ಬಿದ್ದೇ ಹೋಯಿತು. ಆಮೇಲೆ ನೋಟಿಫಿಕೇಶನ್‌ಗಳ ಕಾಟ. ಬೆಳಿಗ್ಗೆ ಒಂದು, ಸಂಜೆ ಒಂದು, ನೀವು ಬರದೆ ನಮಗೆ ಬೇಜಾರಾಗಿದೆ ಅನ್ನೋ ಧಾಟಿಯಲ್ಲಿ. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಯವಾಗಿ ಮಾತಾಡುತ್ತಾರಲ್ಲ, ಹಾಗೆ. ಮನಸ್ಸು ಹಗುರ ಮಾಡಿಕೊಳ್ಳೋಣ ಅಂತ ಹೋದರೆ, ಅಲ್ಲೂ ನಾನೊಬ್ಬ ಬಾಕಿದಾರ.

ಅದು ಸಾಲದು ಅಂತ ಆಟೋಪೇ ಬೇರೆ. ಆ್ಯಪ್ ಅಳಿಸಿ ಹಾಕಿದ ಮೇಲೂ ಎರಡನೇ ವರ್ಷದ ಚಂದಾ ಖಾತೆಯಿಂದ ಹೋಯಿತು. ಇಂಥ ಕಂತಿನ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಮೆಸೇಜ್ ಬಂದಿತ್ತು, ಆಫರ್ ಮೆಸೇಜ್‌ಗಳ ರಾಶಿಯಲ್ಲಿ ಸೇರಿಕೊಂಡಿತ್ತು. 15,000 ರೂಪಾಯಿ ಒಳಗಿನ ಇಂಥ ಕಂತುಗಳಿಗೆ ಪ್ರತಿ ಸಲ ಒಟಿಪಿ ಕೇಳುವುದೂ ಇಲ್ಲ. ಆದ್ದರಿಂದ ಆ್ಯಪ್ ತಗೊಳ್ಳುವವರು ನಿಮ್ಮ ಯುಪಿಐನಲ್ಲಿ ಆಟೋಪೇ ಅನ್ನೋ ಜಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ.

ಇನ್ನು ಶಿಬಿರ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಅಲ್ಲೇ ಧ್ಯಾನದ ಗುರು ಊ ಬಾ ಖಿನ್ ಅವರ ಹತ್ತಿರ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದ ಪದ್ಧತಿ ಇದು. ಬೆಂಗಳೂರಿನ ಹತ್ತಿರ ಆಲೂರಿನಲ್ಲಿ ಕೇಂದ್ರ ಇದೆ. ಫೀಸು ಇಲ್ಲ, ಹಿಂದೆ ಶಿಬಿರ ಮಾಡಿದವರು ಕೊಟ್ಟ ದಾನದಲ್ಲೇ ನಡೆಯುತ್ತದೆ. ಫೋನ್ ಮೊದಲೇ ಒಪ್ಪಿಸಬೇಕು, ಮಾತಾಡುವಂತಿಲ್ಲ. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತದೆ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ನೋಡುವುದಷ್ಟೇ ಕೆಲಸ. ನಾಲ್ಕನೇ ದಿನ ವಿಪಶ್ಯನಾ, ಅಂದರೆ ಮೈಯಲ್ಲಿ ಏಳುವ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದು, ಶುರು, ಅಲ್ಲಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲುಗಿಸದೆ ಕೂರಬೇಕು. ಹೊಸಬರಿಗೆ ಸಂಜೆ ಹಣ್ಣು, ಟೀ. ರಾತ್ರಿ ಊಟ ಇಲ್ಲ.

ಅಲ್ಲಿ ಸಿಗುವ ಮೌನ ಮನೆಯಲ್ಲಿ ಸಿಗೋದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹೋಗುವ ದಿನ, ಬರುವ ದಿನ ಸೇರಿಸಿದರೆ ಹತ್ತಿರ ಹತ್ತಿರ ಹನ್ನೆರಡು ದಿನ ರಜೆ ಬೇಕು, ಯಾವ ಮ್ಯಾನೇಜರು ಕೊಡ್ತಾರೆ ಹೇಳಿ. ವಾಪಸ್ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅನ್ನುತ್ತಾರೆ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಮನೆ ಸೇರುವ ನನಗೆ ಅದು ಆಗುವ ಮಾತಲ್ಲ.

ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠಕ್ಕೂ ಹೋಗಿ ಕೂತಿದ್ದುಂಟು. ಚೆನ್ನಾಗಿದೆ, ಮನೆ ಬಸವನಗುಡಿಯಲ್ಲಿದ್ದರೆ.

ಈಗ ಜಮಖಾನ. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು. ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ಕೇಳೋಕೆ ಸುಲಭ ಅಲ್ವಾ? ಕೂತು ನೋಡಿ. ನಾನು ಎಷ್ಟೋ ಸಲ ಹದಿನೇಳಕ್ಕೆ ಹೋಗಿ ಎಚ್ಚರವಾಗಿದ್ದೇನೆ. ಎಣಿಕೆ ತನ್ನ ಪಾಡಿಗೆ ನಡೆದಿರುತ್ತದೆ, ತಲೆ ಗ್ಯಾಸ್ ಬುಕ್ ಮಾಡುತ್ತಿರುತ್ತದೆ. ಇದೇನೂ ನನ್ನೊಬ್ಬನ ರೋಗವಲ್ಲ. 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷನೇ ಐದಕ್ಕಿಂತ ಕಡಿಮೆಗೆ ನಿಲ್ಲಿಸಬೇಡಿ, ಹತ್ತು ದಾಟಬೇಡಿ ಅಂದಿದ್ದಾನೆ. ಹತ್ತು ದಾಟಿದರೆ ಮನಸ್ಸು ಉಸಿರು ಬಿಟ್ಟು ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದಂತೆ. ಅಂದರೆ ಆಗಲೇ ಜನ ಹದಿನೇಳಕ್ಕೆ ಹೋಗುತ್ತಿದ್ದರು!

ತಪ್ಪಿದಾಗ ಮೊದಲೆಲ್ಲ ‘ಥೂ, ಇಷ್ಟೂ ಆಗಲ್ವಾ ನಿನಗೆ’ ಅಂತ ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಬೈಗುಳ ಮುಗಿಯುವ ಹೊತ್ತಿಗೆ ಅಲಾರಂ ಹೊಡೆಯುತ್ತಿತ್ತು. ಈಗ ‘ಇರ್ಲಿ ಬಿಡು’ ಅಂದು ಒಂದಕ್ಕೆ ವಾಪಸ್ ಬರುತ್ತೇನೆ. ವಾಪಸ್ ಬರುವುದೇ ಇಲ್ಲಿ ಕಲಿಯಬೇಕಾದ ಕೆಲಸ, ಹತ್ತು ಮುಟ್ಟುವುದಲ್ಲ. ಅಮ್ಮ ಒಂದು ದಿನ ಅಡುಗೆಮನೆಯಿಂದ ಇಣುಕಿ, ‘ಕೂತ್ಕೊಂಡೇ ನಿದ್ದೆ ಮಾಡ್ತಿದೀಯೇನೋ?’ ಅಂದಳು. ನಿಜವಾಗಿ ತೂಕಡಿಸುತ್ತಿದ್ದೆ. ನಾನು ತಪ್ಪಿಸಿದ ದಿನಗಳ ಲೆಕ್ಕ ಜಮಖಾನದ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಕಾಲು ಜೋಮು ಹಿಡಿಯುವುದು ಇದರ ಒಂದು ಕಿರಿಕಿರಿ. ಸೊಂಟ ಮಂಡಿಗಿಂತ ಸ್ವಲ್ಪ ಎತ್ತರದಲ್ಲಿರಬೇಕು, ಮಡಿಕೆ ಹೆಚ್ಚು ಮಾಡಿ. ಆದರೂ ಆಗದಿದ್ದರೆ ಕುರ್ಚಿ ಸಾಕು, ಪಾದ ನೆಲಕ್ಕೆ ಊರಿರಲಿ.

ರಜೆ ಸಿಗುವವರು, ಆರು ತಿಂಗಳಾದರೂ ಮನೆಯಲ್ಲಿ ಕೂತು ರೂಢಿ ಇರುವವರು ಶಿಬಿರಕ್ಕೆ ಹೋಗಿ, ದುಡ್ಡಿನ ಚಿಂತೆಯೂ ಇಲ್ಲ. ಕಿವಿಯಲ್ಲಿ ದನಿ ಬೇಕೇ ಬೇಕು ಅನ್ನುವವರು ಆ್ಯಪ್‌ನ ಉಚಿತ ಭಾಗದಲ್ಲೇ ಇರಿ, ನೋಟಿಫಿಕೇಶನ್ ಮೊದಲ ದಿನವೇ ಬಂದ್ ಮಾಡಿ. ಉಳಿದವರಿಗೆ ಜಮಖಾನ, ಅದಿಲ್ಲದಿದ್ದರೆ ಹಳೇ ಕಂಬಳಿ. ಸೋಫಾ ಮಾತ್ರ ಬೇಡ, ಹತ್ತು ನಿಮಿಷ ಅಂತ ಕೂತವರು ಏಳೋದು ಮಾರನೇ ದಿನವೇ.